ಬಾಡಿಗೆ ಮನೆ ಹುಡುಕದ ಪ್ರವಾಸಿ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಆ ಯಜಮಾನರು ಖಾಲಿ ಮನೆಯ ಬೀಗ ತೆಗೆಯುವ ಮೊದಲೇ ಕೇಳಿದರು, "ತಾವು ಯಾವ ಪೈಕಿರಿ ಮೇಷ್ಟ್ರೇ?"

ಹೊನ್ನಾವರದವನು ಎಂದೆ.

"ಊರಲ್ರಿ, ಜನ ಯಾವುದು ಅಂದೆ. ಮೀನು ತಿಂತೀರೇನು?"

ಹೌದೆಂದೆ. ಕೀಲಿಕೈ ಜೇಬಿಗೆ ಮರಳಿತು. "ತಪ್ಪು ತಿಳ್ಕಾಬ್ಯಾಡ್ರಿ. ನಮ್ಮನ್ಯಾಗೆ ಪೂಜೆ ಐತೆ."

ಅಂಥ ಏಳು ಬಾಗಿಲು ಕಂಡೆ. ಬಾಣಂತನ ಮುಗಿಸಿದ ಹೆಂಡತಿ ಮಗುವಿನೊಂದಿಗೆ ಊರಲ್ಲಿ ಕಾಯುತ್ತಿದ್ದಳು. ಮನೆ ಸಿಗದೆ ಅವರನ್ನು ಕರೆತರುವಂತಿರಲಿಲ್ಲ. ತೊಂಬತ್ತೆಂಟರ ಆ ಮಳೆಗಾಲ ದಾವಣಗೆರೆಯ ಹೆಸರೆತ್ತಿದರೆ ಮೈ ಉರಿಯುತ್ತಿತ್ತು.

ಹೈಸ್ಕೂಲಿನಲ್ಲಿ ನಾನು ಹೇಳಬೇಕಿದ್ದ ಇತಿಹಾಸ ಪಾಠವೋ, ಹಂಪಿಗೆ ಬಂದ ವಿದೇಶಿ ಪ್ರವಾಸಿಯದು. ಪೇಟೆಯಲ್ಲಿ ಎಲ್ಲ ಮತದವರನ್ನೂ ಕಂಡು ಬೆರಗಾದನಂತೆ. ಆಗದೇನು? ಅವನಿಗೆ ಬಾಡಿಗೆ ಮನೆ ಬೇಕಿರಲಿಲ್ಲ. ಇಲ್ಲಿಗೆ ಬಂದಿದ್ದರೂ ಹೊಗಳಿಯೇ ಹೋಗುತ್ತಿದ್ದ. ವಿಭೂತಿ ಹಚ್ಚಿದ ಜವಳಿ ವ್ಯಾಪಾರಿಗಳು ಉರ್ದುವಿನಲ್ಲಿ ಚೌಕಾಸಿ ಮಾಡುತ್ತಾರೆ, ಟೋಪಿ ಹಾಕಿದ ಹಣ್ಣಿನವರು "ಶರಣ್ರೀ" ಅನ್ನುತ್ತಾರೆ, ಒಂದೇ ಗಾಡಿಯ ಮುಂದೆ ನಿಂತು ಮಂಡಕ್ಕಿ, ಅಂದರೆ ನಮ್ಮ ಚುರುಮುರಿ, ಮೆಲ್ಲುತ್ತಾರೆ. ಸಂಜೆಯಾದರೆ ಅವರವರ ಓಣಿ ಅವರವರಿಗೆ. ನಮ್ಮ ಕರಾವಳಿಯವರು ಹೀಗಲ್ಲ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿದ್ದೇ ಕೊಚ್ಚಿದ್ದು.

ಕೊನೆಗೆ ಮನೆ ಸಿಕ್ಕಿದ್ದು ಪಕ್ಕದ ಹರಿಹರದಲ್ಲಿ. ಹೊಲಿಗೆ ಮಾಡಿ ಬದುಕುತ್ತಿದ್ದ ಖೈರುನ್‌ಬಿ ಎಂಬ ವಿಧವೆ ತಮ್ಮ ಮನೆಯ ಅರ್ಧಭಾಗ ಕೊಟ್ಟರು. "ಬರ್ರಿ, ಕೂಡ್ರಿ. ಮೀನಾದ್ರೂ ಮಾಡ್ರಿ, ಏನಾದ್ರೂ ಮಾಡ್ರಿ. ಕೂಸು ಬರ್ಲಿ ಮೊದ್ಲು."

ಕೂಸಿನ ಜತೆ ನನ್ನ ಅಮ್ಮನೂ ಹೊರಟಳು. ಸಾಬರ ಮನೆಯೆಂದು ತಿಳಿದರೆ ಆಕೆ ನೀರೂ ಮುಟ್ಟುವವಳಲ್ಲ. ಸೊಸೆ, ಮೊಮ್ಮಗುವನ್ನು ಅದೇ ಬಸ್ಸಿಗೆ ವಾಪಸ್ ಹತ್ತಿಸುವವಳು. ಹಿಂದಿನ ದಿನ ಖೈರುನ್‌ಬಿಯ ಮುಂದೆ ನಿಂತು, ಅಮ್ಮ ಇರುವ ಎಂಟು ದಿನ ನಮ್ಮ ಕಡೆ ಬರಬೇಡಿ ಎಂದುಬಿಟ್ಟೆ. ಹೇಗೆ ನಾಲಿಗೆ ಬಂತೋ!

ಅವರು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಒಂದೇ ಅಂಗಳ, ಕಣ್ಣಿಗೆ ಬೀಳದಂಗೆ ಹೆಂಗೆ ಇರ್ಲಿ ಮೇಷ್ಟ್ರೇ? ಗುತ್ತೂರಾಗೆ ತಂಗಿ ಅದಾಳೆ. ಅಲ್ಲೇ ಇರ್ತೀನಿ ಬಿಡ್ರಿ."

ಅಮ್ಮ ಎಂಟು ದಿನ ಉಂಡಳು, ಮಲಗಿದಳು, ಹೊಗಳಿದಳು. "ಎಷ್ಟು ಚೊಲೋ ಮನೆ! ಮನೆಯವ್ರು ನಮ್ಮೋರೇ ಹೌದಾ?"

"ಹೌದು" ಅಂದೆ. ಹೆಂಡತಿ ನನ್ನ ಮುಖ ನೋಡಿ ಒಳಗೆ ಹೋದಳು. ಅಂದಿನಿಂದ ದಾವಣಗೆರೆಯನ್ನು ಬಯ್ಯಲು ನನಗೆ ಬಾಯಿಲ್ಲ, ಹೊನ್ನಾವರವನ್ನು ಹೊಗಳಲೂ ಇಲ್ಲ.

ಅಮ್ಮನನ್ನು ಬಸ್ಸಿಗೆ ಹತ್ತಿಸಿ ನೇರ ಗುತ್ತೂರಿಗೆ ಹೋದೆ. ತಂಗಿಯ ಮನೆಯ ಹೊಸ್ತಿಲಲ್ಲಿ ಖೈರುನ್‌ಬಿ ಚಪ್ಪಲಿ ಮೆಟ್ಟುತ್ತ ಕೇಳಿದರು:

"ನಮ್ಮ ಮನಿಗೆ ನಾನು ಈಗ ಬರಬೌದೇನ್ರಿ?"