ಅಸ್ರೋರ್ ಉಸ್ತೋ ಕಟ್ಟಿದ ತುದಿಗಳು

"ಅಮ್ಮಾ, ಆ ಉಸ್ತೋ ಅಜ್ಜ ಹಸಿರು ತಂತಿ ಹಿಡ್ಕೊಂಡು ನೀಲಿ ಅಂತಾರಲ್ಲ, ಯಾಕೆ?"

ಜೇವರ್ ಹೀಗೆ ಕೇಳಿದಾಗ ಮುಅತ್ತರ್ ಒಲೆಯ ಮುಂದೆ ಕ್ಯಾರೆಟ್ ಹೆಚ್ಚುತ್ತಿದ್ದಳು. ಐದು ವರ್ಷದ ಮಗು, ಇಂಥ ಪ್ರಶ್ನೆ ದಿನಕ್ಕೆ ನೂರು. "ನಿಂಗೆ ಸರಿಯಾಗಿ ಕಂಡಿರಲ್ಲ. ಹೋಗು, ಅಜ್ಜನ ಕೈಗೆ ಅಡ್ಡ ಬರಬೇಡ" ಎಂದು ಬಾಯಿಗೊಂದು ಕ್ಯಾರೆಟ್ ಚೂರು ಇಟ್ಟು ಕಳಿಸಿದಳು.

ಉಸ್ತೋ ಅಂದರೆ ಕಸುಬು ಕಲಿಸುವ ಗುರು. ಅಸ್ರೋರ್ ಉಸ್ತೋ ಬಣ್ಣ ತಪ್ಪುತ್ತಾರೆ ಎಂದರೆ ಖುಜಂದ್ ನಗರದ ಆ ಮೊಹಲ್ಲಾದಲ್ಲಿ ಯಾರೂ ನಂಬುತ್ತಿರಲಿಲ್ಲ. ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದವರು. ಕಂಬಗಳ ಕಾಲ ಮುಗಿದ ಮೇಲೆ ಮನೆಮನೆಗೆ ವೈಫೈ ಕೂರಿಸುವ ಕೆಲಸ ಹಿಡಿದರು. ಅರವತ್ತಮೂರು ವಯಸ್ಸು, ಉದ್ದ ಬೆರಳುಗಳು, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ಗೋಡೆ ಯಾರು ಬೇಕಾದರೂ ಕೊರೆಯಲಿ, ತಂತಿ ಯಾರು ಬೇಕಾದರೂ ಎಳೆಯಲಿ. ಆದರೆ ತಂತಿಯ ತುದಿ ಸುಲಿದು, ಒಳಗಿನ ಎಂಟು ಎಳೆಗಳನ್ನು ಸಾಲಾಗಿ ಜೋಡಿಸಿ, ಪ್ಲಗ್ಗಿಗೆ ತೂರಿಸಿ ಇಕ್ಕಳದಲ್ಲಿ ಒತ್ತುವುದು ಮಾತ್ರ ತಮ್ಮ ಕೈಯಿಂದಲೇ ಆಗಬೇಕು. ಆಗ ತುಟಿಯಲ್ಲೇ ಬಣ್ಣಗಳ ಹೆಸರು ಗುನುಗುತ್ತಿದ್ದರು, ಮಗುವನ್ನು ಮಲಗಿಸುವವರ ಹಾಗೆ.

ಮನೆ ಮೂರು ಮಹಡಿಯದು. ಕೆಳಗಿನದು ತಾತನ ಕಾಲದ ಮಣ್ಣಿನ ಗೋಡೆ, ಮೊಳಕ್ಕಿಂತ ದಪ್ಪ. ಅದರ ಮೇಲೆ ಮುಅತ್ತರಳ ಗಂಡ ಫಿರ್ದವ್ಸ್ ಮತ್ತು ಅವನ ಅಣ್ಣ ಇಟ್ಟಿಗೆಯಲ್ಲಿ ಎರಡು ಮಹಡಿ ಏರಿಸಿದ್ದರು. ಇಂಟರ್ನೆಟ್ಟಿನ ಡಬ್ಬಿ ಕೆಳಗೆ ಅತ್ತೆ ಶರೋಫತ್ ಅವರ ಕೋಣೆಯಲ್ಲಿ. ಮುಅತ್ತರಳ ಕೋಣೆ ಮೂರನೆಯ ಮಹಡಿಯಲ್ಲಿ. ಅಲ್ಲಿಗೆ ಏನೂ ತಲುಪುತ್ತಿರಲಿಲ್ಲ. ಫಿರ್ದವ್ಸ್ ದೂರದ ರಷ್ಯಾದಲ್ಲಿ ಲಾರಿ ಓಡಿಸುತ್ತಾನೆ, ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡುತ್ತಾನೆ. ಹೀಗಾಗಿ ನಾಲ್ಕು ವರ್ಷದಿಂದ ಮುಅತ್ತರ್ ಗಂಡನ ಜೊತೆ ಮಾತಾಡಿದ್ದೆಲ್ಲ ಅತ್ತೆಯ ಎದುರು ಕೂತು. ಊಟ ಆಯ್ತಾ? ಆಯ್ತು. ಚಳಿ ಇದೆಯಾ? ಇದೆ.

"ನಾನು ಕಿವುಡಿ ಅಂದ್ಕೊಂಡು ಮಾತಾಡೇ" ಎನ್ನುತ್ತಿದ್ದರು ಶರೋಫತ್. ಮರುಕ್ಷಣವೇ ಫೋನಿನ ಕಡೆ ಬಾಗಿ, "ಮಗನೇ, ಇವಳು ರಾತ್ರಿ ಸರಿಯಾಗಿ ಊಟ ಮಾಡ್ತಿಲ್ಲ, ಬೈಯಿ ಸ್ವಲ್ಪ!" ಎಂದು ಕೂಗುತ್ತಿದ್ದರು. ಕೊನೆಗೆ ಉಸ್ತೋಗೆ ಹೇಳಿಕಳಿಸಿದವರೂ ಅವರೇ. "ಇವರಿಬ್ಬರ ನಾಚಿಕೆ ನೋಡಿ ನೋಡಿ ನಂಗೇ ಸಾಕಾಗಿದೆ. ಮೇಲಕ್ಕೆ ಏನಾದ್ರೂ ಎಳೀರಿ ಉಸ್ತೋ."

ಉಸ್ತೋ ಮಣ್ಣಿನ ಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿದರು. "ಗಾಳೀಲಿ ಕಳಿಸಿದ್ರೆ ಈ ಗೋಡೆ ನುಂಗಿಬಿಡುತ್ತೆ. ತಂತೀಲಿ ಕಳಿಸಿದ್ರೆ ಏನು ಮಾಡುತ್ತೆ? ಮಹಡಿಗೊಂದು ಡಬ್ಬಿ, ಡಬ್ಬಿಗೊಂದು ತಂತಿ. ನೀನು ಫೋನ್ ಹಿಡ್ಕೊಂಡು ಮೆಟ್ಟಿಲು ಹತ್ತಿದ್ರೆ ಸಾಕು ಮಗಳೇ, ಈ ಡಬ್ಬಿ ನಿನ್ನನ್ನ ಮೇಲಿನ ಡಬ್ಬಿಗೆ ಒಪ್ಪಿಸುತ್ತೆ, ಮದುವೆ ಹೆಣ್ಣನ್ನ ಒಪ್ಪಿಸಿದ ಹಾಗೆ. ಮಾತು ಕಡಿಯೋದೇ ಇಲ್ಲ."

ಎರಡು ದಿನ ಒಬ್ಬರೇ ದುಡಿದರು. ಎರಡನೆಯ ಮಹಡಿಯ ತಂತಿ ಗಿಡ್ಡ, ಅದು ಹೇಗೋ ನಡೆಯಿತು. ಮೂರನೆಯದು ಮೆಟ್ಟಿಲ ಸುತ್ತ ಬಳಸಿಕೊಂಡು ಹೋಗುವ ಉದ್ದದ ತಂತಿ. ಮುಅತ್ತರ್ ಮೊದಲ ಸಲ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಗಂಡನ ಮುಖ ನೋಡಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಮುಖ ಹಾಗೇ ನಿಂತುಹೋಯಿತು. ಆ ದಿನ ಏಳು ಸಲ ಕಡಿಯಿತು.

ಉಸ್ತೋ ಮತ್ತೆ ಬಂದರು. ಹಳೆಯ ತುದಿಗಳನ್ನು ಕತ್ತರಿಸಿ ಎರಡೂ ಕಡೆ ಹೊಸದು ಕಟ್ಟಿದರು. ತಂತಿ ಪರೀಕ್ಷಿಸುವ ಟೆಸ್ಟರಿನ ಎಂಟು ದೀಪ ಒಂದರ ಹಿಂದೊಂದು ಸಾಲಾಗಿ ಹತ್ತಿದವು. ಮಾತು ಮಾತ್ರ ಕಡಿಯುತ್ತಲೇ ಇತ್ತು.

"ತುದಿ ಸರಿ ಇದೆ" ಎಂದರು ಉಸ್ತೋ. "ಎಳೆದವರು ಜೋರಾಗಿ ಎಳೆದು ಒಳಗೆ ನುಲಿ ಕೆಡಿಸಿದ್ದಾರೆ."

ಕೆಳಗಿನಿಂದ ಶರೋಫತ್ ದನಿ ಬಂತು. "ಎಳೆದವರು ನೀವೇ ಅಲ್ವಾ ಉಸ್ತೋ? ಈ ಸಲ ತಪ್ಪನ್ನ ತಲೆಗೆ ಕಟ್ಟೋಕೆ ಒಜೋದಾ ಇಲ್ಲವಲ್ಲ!"

ತಮಾಷೆಗೆ ಆಡಿದ ಮಾತು. ಆದರೆ ಉಸ್ತೋ ಇಕ್ಕಳವನ್ನು ಚೀಲಕ್ಕೆ ಹಾಕಿ, ಇಟ್ಟ ಚಹಾ ಕುಡಿಯದೆ ಹೊರಟುಹೋದರು.

ಒಜೋದಾ ಅವರ ಶಿಷ್ಯೆ. ಎರಡು ಮಕ್ಕಳ ವಿಧವೆ. ಗಂಡಸರು ದುಡಿಯಲು ಹೋದ ಮನೆಗಳಲ್ಲಿ ಹೆಂಗಸರ ಕೋಣೆಗೆ ಪರ ಗಂಡಸು ಕಾಲಿಡುವುದು ಮುಜುಗರ. ಅಂಥ ಕಡೆ ಇವಳು ಹೋಗುತ್ತಿದ್ದಳು. ಮೂರು ವರ್ಷ ಉಸ್ತೋ ಹಿಂದೆ ಏಣಿ ಹೊತ್ತಳು, ಗೋಡೆ ಕೊರೆದಳು, ತಂತಿ ಎಳೆದಳು. ಕಲಿಕೆ ಮುಗಿದಾಗ ಶಿಷ್ಯರು ಹಿರಿಯರನ್ನು ಕರೆದು ಊಟ ಹಾಕಬೇಕು, ಉಸ್ತೋ ಎಲ್ಲರೆದುರು ಅಂಗೈ ತೆರೆದು ಫಾತಿಹಾ ಕೊಡಬೇಕು, ಅಂದರೆ ಪ್ರಾರ್ಥನೆ ಹೇಳಿ ಹರಸಬೇಕು; ಶಿಷ್ಯರೂ ಅಂಗೈ ತೆರೆದು ಅದನ್ನು ಸ್ವೀಕರಿಸಬೇಕು. ಅದಾದ ಮೇಲೇ ಸ್ವಂತ ಕೆಲಸ. ಫಾತಿಹಾ ಇಲ್ಲದ ಕೈಯಲ್ಲಿ ಮೊಹಲ್ಲಾದವರು ಒಂದು ಮೊಳೆಯನ್ನೂ ಹೊಡೆಸುವುದಿಲ್ಲ.

ಹೋದ ವಸಂತದಲ್ಲಿ ಒಜೋದಾ ಊಟಕ್ಕೆ ಕರೆದಿದ್ದಳು. ಮುಅತ್ತರ್ ಕೂಡ ಹೆಂಗಸರ ಸಾಲಿನಲ್ಲಿದ್ದಳು. ಪಲಾವಿನ ತಟ್ಟೆಗಳು ಬಂದವು, ಚಹಾ ಬಂತು. ಅದೇ ವಾರ ರೊಟ್ಟಿ ಸುಡುವವರ ದೊಡ್ಡ ಮನೆಯಲ್ಲಿ ಒಜೋದಾ ತಂತಿ ಎಳೆದಿದ್ದ ಹೊಸ ವೈಫೈ ಪದೇ ಪದೇ ಕಡಿದು, ಯಜಮಾನ ಉಸ್ತೋ ಮೇಲೆ ರೇಗಾಡಿದ್ದ. ಎಲ್ಲರೂ ಅಂಗೈ ತೆರೆದು ಕಾಯುತ್ತಿದ್ದಾಗ ಉಸ್ತೋ ಕೈಯನ್ನು ಮಂಡಿಯ ಮೇಲೇ ಇಟ್ಟುಕೊಂಡು ಎದ್ದರು. "ತಂತಿ ಎಳೆಯೋಕೇ ಬರದವಳಿಗೆ ಏನಂತ ಕೊಡಲಿ?" ಎಂದರು. ಒಜೋದಾ ಚಹಾದ ಕೆಟಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಬ್ಬರೂ ಮಾತಾಡಲಿಲ್ಲ. ಮುಅತ್ತರ್ ಕೂಡ ತನ್ನ ತಟ್ಟೆಯನ್ನೇ ನೋಡುತ್ತ ಕೂತಿದ್ದಳು. ಈಗ ಒಜೋದಾ ಬಸ್ ನಿಲ್ದಾಣದ ಹತ್ತಿರ ಒಂದು ಚಹಾದಂಗಡಿಯಲ್ಲಿ ಕಡಾಯಿ ತಿಕ್ಕುತ್ತಾಳೆ.

ಉಸ್ತೋ ಹೋದ ಮೇಲೆ ಮುಅತ್ತರ್ ಕಸ ಗುಡಿಸಿದಳು. ಮೊರದಲ್ಲಿ ಅವರು ಕತ್ತರಿಸಿ ಎಸೆದ ತುದಿಗಳು ಎರಡು ಇದ್ದವು. ಮಗಳ ಪ್ರಶ್ನೆ ನೆನಪಾಗಿ ಕಿಟಕಿಗೆ ಹಿಡಿದಳು. ಉಸ್ತೋ ಬಿಟ್ಟುಹೋಗಿದ್ದ ಪ್ಲಗ್ಗುಗಳ ಡಬ್ಬಿಯ ಮುಚ್ಚಳದ ಮೇಲೆ ಎಂಟು ಬಣ್ಣದ ಸಾಲಿನ ಚಿತ್ರವಿತ್ತು. ಒಂದೊಂದಾಗಿ ಹೋಲಿಸಿದಳು. ನೀಲಿ ಇರಬೇಕಾದಲ್ಲಿ ಹಸಿರು, ಹಸಿರು ಇರಬೇಕಾದಲ್ಲಿ ನೀಲಿ. ಎರಡು ತುದಿಯಲ್ಲೂ ಹಾಗೇ.

"ನಾನು ಹೇಳ್ಲಿಲ್ವಾ?" ಎಂದಳು ಜೇವರ್.

ಮರುದಿನ ಉಸ್ತೋ ಹೊಸ ತಂತಿಯ ಸುರುಳಿ ಹೊತ್ತು ಬಂದರು. ಮತ್ತೆ ಎಳೆಯುತ್ತೇನೆ ಎಂದರು. ಮುಅತ್ತರ್ ಅವರನ್ನು ಮೂರನೆಯ ಮಹಡಿಯ ಕಿಟಕಿ ಪಕ್ಕ ಕೂರಿಸಿ ಚಹಾ ಬಗ್ಗಿಸಿದಳು. ರಾತ್ರಿಯಿಂದ ಹುಡುಕಿದರೂ ಮೆತ್ತನೆಯ ಮಾತು ಸಿಕ್ಕಿರಲಿಲ್ಲ. ಕೊನೆಗೆ ಆ ಎರಡು ತುದಿಗಳನ್ನು ಅವರ ಅಂಗೈಯಲ್ಲಿಟ್ಟಳು.

"ಉಸ್ತೋ, ತಪ್ಪು ತಿಳೀಬೇಡಿ. ನಾಲ್ಕನೆಯದು ಯಾವ ಬಣ್ಣ?"

"ನೀಲಿ."

"ಆರನೆಯದು?"

"ಹಸಿರು. ಏನು ಪರೀಕ್ಷೆ ಮಾಡ್ತಿದ್ದೀಯಾ?"

"ತಿರುಗಾ ಮುರುಗಾ ಇದೆ ಉಸ್ತೋ. ಜೇವರ್ ಮೊದಲೇ ನೋಡಿದ್ದಳು. ನಾನು ನಂಬಲಿಲ್ಲ."

ಉಸ್ತೋ ತುದಿಯನ್ನು ಕಣ್ಣಿಗೆ ತೀರ ಹತ್ತಿರ ತಂದರು, ದೂರ ಹಿಡಿದರು, ಬೆಳಕಿಗೆ ತಿರುಗಿಸಿದರು. ಬಹಳ ಹೊತ್ತು ಹಾಗೇ ತಿರುಗಿಸುತ್ತ ಇದ್ದರು.

"ಎರಡೂ ಬೂದಿ" ಎಂದರು ಕೊನೆಗೆ. "ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಅಂದ್ರು ಡಾಕ್ಟ್ರು. ಹೋದ ಚಳಿಗಾಲದಲ್ಲಿ. ಇನ್ನು ತಿಳಿ ಆಗಲ್ಲವಂತೆ. ಎರಡು ಹೆಜ್ಜೆ ಆಚೆ ಇದ್ರೆ ದನಿ ಕೇಳಿಯೇ ಯಾರು ಅಂತ ಗೊತ್ತಾಗೋದು. ಮನೇಲಿ ಯಾರಿಗೂ ಹೇಳಿಲ್ಲ. ಕಣ್ಣು ಹೋದ್ರೆ ಹೋಗಲಿ, ಬೆರಳಿಗೆ ಎಲ್ಲಾ ಗೊತ್ತು ಅಂದ್ಕೊಂಡಿದ್ದೆ."

"ಆದರೆ ದೀಪ ಎಲ್ಲಾ ಸರಿಯಾಗೇ ಹತ್ತಿತಲ್ಲ?"

"ಹತ್ತುತ್ತೆ. ಎರಡು ತುದೀಲೂ ಒಂದೇ ಸುಳ್ಳು ಹೇಳಿದ್ರೆ ಟೆಸ್ಟರ್ ನಂಬುತ್ತೆ. ಒಳಗೆ ಎಳೆಗಳು ಎರಡೆರಡಾಗಿ ನುಲಿದಿರ್ತವೆ, ಆ ಜೋಡಿ ಮಾತ್ರ ಮುರಿದಿರುತ್ತೆ. ನುಲಿದ ಎಳೇನ ಅದರ ಜೊತೆಯವರಿಂದ ಬಿಡಿಸಿ ಬೇರೆಯವರ ಪಕ್ಕ ಕೂರಿಸಿದ ಹಾಗೆ. ತಂತಿ ಗಿಡ್ಡ ಇದ್ರೆ ಹೇಗೋ ಸಾಗುತ್ತೆ, ಉದ್ದ ಆದ್ರೆ..."

ಕೈಯಲ್ಲಿದ್ದ ಬಟ್ಟಲಿನಿಂದ ಚಹಾ ಮಂಡಿಯ ಮೇಲೆ ಚೆಲ್ಲಿತು, ಅದೂ ತಿಳಿಯಲಿಲ್ಲ. ಅವರು ಏನು ಲೆಕ್ಕ ಹಾಕುತ್ತಿದ್ದಾರೆಂದು ಮುಅತ್ತರಳಿಗೆ ಗೊತ್ತಿತ್ತು. ಹೋದ ಚಳಿಗಾಲ, ಆಮೇಲಿನ ವಸಂತ.

"ರೊಟ್ಟಿಯವರ ಮನೇಲಿ ಎರಡು ತುದೀನೂ ನಾನೇ ಕಟ್ಟಿದ್ದು" ಎಂದರು ಉಸ್ತೋ. "ಅವಳು ಎಳೆದದ್ದು ಸರಿ ಇತ್ತು. 'ಉಸ್ತೋ, ತುದಿ ಇನ್ನೊಂದ್ಸಲ ನೋಡೋಣ್ವಾ' ಅಂತ ಕೇಳಿದಳು ಕೂಡ. ಗುರುವಿಗೇ ಕಲಿಸೋಕೆ ಬರ್ತೀಯಾ ಅಂತ ಬಾಯಿ ಮುಚ್ಚಿಸಿದೆ."

ಮುಅತ್ತರ್ ಟವೆಲ್ ತಂದು ಅವರ ಮಂಡಿ ಒರೆಸಿದಳು. ಏನು ಹೇಳಿದರೂ ಸುಳ್ಳೇ ಆಗುತ್ತಿತ್ತು, ಹಾಗಾಗಿ ಇಕ್ಕಳ ಕೇಳಿದಳು. "ಹೇಗೆ ಅಂತ ಹೇಳಿಕೊಡಿ, ನಾನು ಕಟ್ತೀನಿ."

ಅವರು ಹೇಳಿದರು, ಅವಳು ಜೋಡಿಸಿದಳು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ. ಮೊದಲ ಎರಡು ಪ್ಲಗ್ ಕೆಟ್ಟವು. "ಎಳೆಗಳ ತಲೆ ಒಂದೇ ಸಮ ಇರಲಿ ಮಗಳೇ, ಶಾಲೆ ಮಕ್ಕಳನ್ನ ನಿಲ್ಲಿಸಿದ ಹಾಗೆ" ಎಂದರು. ಮೂರನೆಯದು ಕೂತಿತು. ಕೆಳಗೆ ಹೋಗಿ ಇನ್ನೊಂದು ತುದಿಯನ್ನೂ ಕಟ್ಟಿ ಬಂದಳು.

ಮಧ್ಯಾಹ್ನ ಫಿರ್ದವ್ಸ್ ಫೋನ್ ಬಂತು. ಮುಖ ನಿಲ್ಲಲಿಲ್ಲ, ದನಿ ಕಡಿಯಲಿಲ್ಲ. "ಏನೇ, ನಿನ್ನ ಕೋಣೆಯಿಂದನಾ? ಅಮ್ಮ ಪಕ್ಕದಲ್ಲಿಲ್ವಾ?" ಎಂದು ನಕ್ಕ. ನಾಲ್ಕು ವರ್ಷ ಕೂಡಿಟ್ಟ ಮಾತಿತ್ತು. ಆದರೆ ತೆರೆದ ಬಾಗಿಲಾಚೆ ಮೆಟ್ಟಿಲ ಮೇಲೆ ಉಸ್ತೋ ಬೆನ್ನು ಬಾಗಿಸಿ ಕೂತದ್ದು ಕಾಣುತ್ತಿತ್ತು. "ಸಂಜೆ ಮಾಡ್ತೀನಿ, ಎಲ್ಲಾ ಹೇಳ್ತೀನಿ" ಎಂದು ಇಟ್ಟು, ಹೋಗಿ ಅವರ ಪಕ್ಕದ ಮೆಟ್ಟಿಲಲ್ಲಿ ಕೂತಳು.

"ಆ ಊಟದ ದಿನ ನಾನೂ ಅಲ್ಲೇ ಇದ್ದೆ ಉಸ್ತೋ" ಎಂದಳು. "ನಾನೂ ಬಾಯಿ ಬಿಡಲಿಲ್ಲ."

"ನೀನು ಬಿಟ್ಟಿದ್ರೆ ನಾನು ಕೇಳ್ತಿದ್ನಾ?" ಉಸ್ತೋ ಕಣ್ಣೊರೆಸಿಕೊಂಡರು. "ಶುಕ್ರವಾರ ಮಸೀದಿ ಮುಂದೆ ಎಲ್ಲರಿಗೂ ಹೇಳಿಬಿಡ್ತೀನಿ. ತಪ್ಪು ನಂದು, ಕಣ್ಣು ಹೋಗಿದೆ, ಇನ್ನು ಈ ಕೆಲಸ ಒಜೋದಾಗೆ ಕೊಡಿ ಅಂತ. ಅದು ಸುಲಭ. ಗಂಡಸರು ಗಡ್ಡ ನೀವಿಕೊಂಡು ಹೂಂ ಅಂತಾರೆ. ಅವಳ ಮನೆ ಬಾಗಿಲು ತಟ್ಟೋದೇ ಕಷ್ಟ."

"ಒಜೋದಾ ಒಳ್ಳೆಯವಳು ಉಸ್ತೋ."

"ಒಳ್ಳೆಯವಳು ಅಂತಾನೇ ಭಯ. ಬಾಯಲ್ಲಿ ಪರವಾಗಿಲ್ಲ ಅಂದುಬಿಡ್ತಾಳೆ. ಅದರಿಂದ ನಂಗೆ ಏನು ತಿಳಿಯುತ್ತೆ?"

ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ನಂಗೊಂದು ಉಪಕಾರ ಮಾಡು ಮಗಳೇ. ನಾಳೆ ನನ್ನ ಜೊತೆ ಬಾ. ಹೇಳಬೇಕಾದ್ದೆಲ್ಲ ನಾನೇ ಹೇಳ್ತೀನಿ, ನೀನು ಮಾತಾಡೋದು ಬೇಡ. ಆಮೇಲೆ ನಾನು ಅಂಗೈ ತೆರೆದು ಫಾತಿಹಾ ಹೇಳ್ತೀನಿ. ಅವಳು ಎದುರಿಗೇ ಕೂತಿದ್ರೂ ನಂಗೆ ಕಾಣಲ್ಲ. ಅವಳೂ ಅಂಗೈ ತೆರೆದಳೋ, ಇಲ್ಲಾ ಮಂಡಿ ಮೇಲೇ ಇಟ್ಕೊಂಡಳೋ, ನೀನು ನೋಡಿ ಹೇಳಬೇಕು. ತೆರೀದೇ ಇದ್ರೆ ತೆರೀಲಿಲ್ಲ ಅಂತಾನೇ ಹೇಳು."