ಕೊಲಂಬಿಯಾದವನ ಸೈಕಲ್ ಹಿಂದೆ ಮುತ್ತತ್ತಿಗೆ

ಬೆಳಗ್ಗೆ ಬಿಸಿಲೇರುವ ಮೊದಲೇ ಮಂಡ್ಯದ ನಮ್ಮ ಮನೆ ಬಿಟ್ಟೆವು. ಮುಂದೆ ಒಂದು ಸೈಕಲ್ಲು, ಹಿಂದೆ ನಮ್ಮ ಹಳೇ ಕಾರು. ಸೈಕಲ್ ಮೇಲಿದ್ದವನು ಎಮಿಲಿಯೊ. ದಕ್ಷಿಣ ಅಮೆರಿಕದ ಕೊಲಂಬಿಯಾದವನು, ಸೈಕಲ್ ರೇಸನ್ನೇ ಕಸುಬು ಮಾಡಿಕೊಂಡವನು. ಕಾರು ಓಡಿಸುತ್ತಿದ್ದವಳು ನನ್ನ ಮೊಮ್ಮಗಳು ಪಲ್ಲವಿ, ಶಾಲೆಯಲ್ಲಿ ಪಿ.ಟಿ. ಟೀಚರು. ಮೈಸೂರಿನ ಸೈಕಲ್ ಶಿಬಿರಕ್ಕೆ ಅವನು ಕಲಿಸಲು ಬಂದಿದ್ದ, ಇವಳು ಕಲಿಯಲು ಹೋಗಿದ್ದಳು. ಶಿಬಿರ ಮುಗಿದ ಮೇಲೆ ಎರಡು ದಿನ ಇದ್ದು ಹೋಗು ಎಂದು ಮನೆಗೆ ಕರೆತಂದಳು. ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಕೈ ಮುಗಿದು, ಕಾವೇರಿ ತೋರಿಸಿ ಬರೋಣ ಎಂದದ್ದು ನಾನು.

ಅವನ ಫೋನು ನನ್ನ ಮಡಿಲಲ್ಲಿತ್ತು. ಹಳೇ ತಂಡದವರು ಈ ವರ್ಷ ಅವನನ್ನು ಕೈಬಿಟ್ಟಿದ್ದರು. ಇನ್ನೊಂದು ಸಣ್ಣ ತಂಡದವರು ಅವತ್ತೇ ಫೋನು ಮಾಡುತ್ತೇವೆ ಎಂದಿದ್ದರಂತೆ. ಅವರು ತೆಗೆದುಕೊಂಡರೆ ಇನ್ನೊಂದು ವರ್ಷ ರೇಸು, ಇಲ್ಲದಿದ್ದರೆ ಅವನ ವಯಸ್ಸಿಗೆ ಮತ್ಯಾರೂ ಕರೆಯುವುದಿಲ್ಲ, ಅಲ್ಲಿಗೆ ಮುಗಿಯಿತು. ಜೇಬಿನಲ್ಲಿದ್ದರೆ ಹೆಜ್ಜೆಗೊಂದು ಸಲ ತೆಗೆದು ನೋಡುತ್ತೇನೆ, ನೀವೇ ಇಟ್ಟುಕೊಳ್ಳಿ ಎಂದು ಕೊಟ್ಟಿದ್ದ. ಫೋನಿನಲ್ಲಿ ಬೆರಳಾಡಿಸುವುದನ್ನು ನಾನು ಹೋದ ತಿಂಗಳಷ್ಟೇ ಕಲಿತವಳು. ಆದರೂ ದೊಡ್ಡ ಆಪರೇಟರಿನ ಗತ್ತಿನಲ್ಲಿ ಕೂತಿದ್ದೆ.

ಮದ್ದೂರಿನವರೆಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಅವನು ಅವುಗಳ ಸಂದಿಯಲ್ಲಿ ನುಸುಳಿಕೊಂಡು ಮುಂದೆ ಹೋಗಿ, ವಡೆ ಹೋಟೆಲಿನ ಮುಂದೆ ನಮಗಾಗಿ ಕಾಯುತ್ತಿದ್ದ. ವಡೆ ಬಿಸಿ ಇತ್ತು, ಈರುಳ್ಳಿ ಧಾರಾಳವಾಗಿತ್ತು. ಎರಡನೇ ವಡೆ ಮುರಿಯುವಾಗ ನಾನು ವಿಚಾರಣೆ ಶುರುಮಾಡಿದೆ.

"ಇಷ್ಟು ವರ್ಸದಲ್ಲಿ ಎಷ್ಟು ರೇಸು ಗೆದ್ದವ್ನಂತೆ, ಕೇಳೇ."

ಪಲ್ಲವಿ ಇಂಗ್ಲಿಷಿನಲ್ಲಿ ಕೇಳಿದಳು. ಅವನು ವಡೆ ಅಗಿಯುತ್ತಲೇ ತಲೆಯಾಡಿಸಿದ.

"ಒಂದೂ ಇಲ್ವಂತೆ ಅಜ್ಜಿ. ಬೇರೆಯವ್ರನ್ನ ಗೆಲ್ಸೋದೇ ಇವ್ನ ಕೆಲ್ಸವಂತೆ."

"ಅದಕ್ಕೂ ಸಂಬಳ ಕೊಟ್ಟಾರಾ?"

ಕೊಡುತ್ತಾರಂತೆ. ತಂಡಕ್ಕೊಬ್ಬ ನಾಯಕ. ಇವನು ಅವನ ಮುಂದೆ ಹೋಗಿ ಎದುರುಗಾಳಿ ತಡೆಯಬೇಕು. ಹಿಂದೆ ಬರುವ ಕಾರಿನಿಂದ ನೀರಿನ ಬಾಟ್ಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು ಎಲ್ಲರಿಗೂ ಹಂಚಬೇಕು. ನಾಯಕನ ಚಕ್ರ ಪಂಚರಾದರೆ ತನ್ನದನ್ನು ಬಿಚ್ಚಿ ಕೊಡಬೇಕು. ಆಲೂಗಡ್ಡೆ ಬೆಳೆಯುವ ಬೆಟ್ಟದೂರಿನಿಂದ ಹದಿಹರೆಯದಲ್ಲೇ ಯುರೋಪಿಗೆ ಹೋದವನು ಅಂದಿನಿಂದ ಮಾಡಿದ್ದು ಇದನ್ನೇ. ವರ್ಷಕ್ಕೊಮ್ಮೆ ಅವನೂರಿನ ಬೆಟ್ಟದಲ್ಲೂ ರೇಸು ನಡೆಯುತ್ತದಂತೆ, ಅಲ್ಲೂ ಇದೇ ಕೆಲಸ. ಒಂದೇ ಒಂದು ಸಲ, ಇಟಲಿಯ ಯಾವುದೋ ಬೆಟ್ಟದಲ್ಲಿ, ಎಲ್ಲರಿಗಿಂತ ಮುಂದೆ ಒಬ್ಬನೇ ಹೋಗುತ್ತಿದ್ದನಂತೆ. ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ತಂಡದ ಸಾಹೇಬರು ಮಾತಾಡಿದರಂತೆ: ನಾಯಕ ಹಿಂದೆ ಉಳಿದಿದ್ದಾನೆ, ನಿಲ್ಲು.

"ನಿಂತ್ಕಂಡ್ನಾ?"

"ನಿಂತ್ಕಂಡ್ನಂತೆ."

"ಬೈಲಿಲ್ವಾ?"

"ಬೈದ್ನಂತೆ. ಗಾಳಿಗೆ."

ಮದ್ದೂರಿಂದ ಮಳವಳ್ಳಿ ರಸ್ತೆ ಏರುತ್ತ ಇಳಿಯುತ್ತ ಹೋಗುತ್ತದೆ. ಬಿಸಿಲು ಚುರುಗುಟ್ಟುತ್ತಿತ್ತು. ಮಳವಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಮುದ್ದೆ ಹೋಟೆಲಿಗೆ ಹೊಕ್ಕೆವು. ಎಮಿಲಿಯೊ ಮುದ್ದೆಯನ್ನು ಅಗಿಯುತ್ತಿದ್ದ. ಪಕ್ಕದ ಮೇಜಿನವರೊಬ್ಬರು ನೋಡಲಾರದೆ "ನುಂಗು ಮಾರಾಯ, ಅದೇನು ಚೂಯಿಂಗ್ ಗಮ್ಮಾ" ಎಂದರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಅವನು ಸಾರಿನ ಕೈಯನ್ನೇ ಚಾಚಿದ. ನಾನು ಫೋನನ್ನು ಸೆರಗಿನೊಳಗೆ ಇಟ್ಟುಕೊಂಡೆ.

"ಅಜ್ಜಿ, ಕೊಡು. ಅವ್ನ ಬದುಕು ಕಣಜ್ಜಿ ಅದು."

"ಬದುಕು ಅಂತ್ಲೇ ತಡೀತಿರೋದು ಕಣೇ. ಮುದ್ದೆ ಮುಗಿಸ್ಲಿ."

ನಮ್ಮ ಮಾವನವರು ಎತ್ತಿನ ವ್ಯಾಪಾರದವರು. ಸಂತೆಯಲ್ಲಿ ಟವಲಿನ ಕೆಳಗೆ ಕೈಯಿಟ್ಟು ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಕೊಳ್ಳುವವನು ಮೊದಲ ಸಲ ಕೈ ನೀಡಿದಾಗ ಮಾವ ಬುತ್ತಿ ಬಿಚ್ಚಿ ಊಟಕ್ಕೆ ಕೂರುತ್ತಿದ್ದರು. ಉಣ್ಣುವವನನ್ನು ಏಳಿಸಿ ವ್ಯಾಪಾರ ಮಾಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅಷ್ಟು ಹೊತ್ತು ಕಾದವನಿಗೆ ಎತ್ತು ನಿಜವಾಗಿ ಬೇಕು ಎಂದರ್ಥ. ಪಲ್ಲವಿ ಇದನ್ನೆಲ್ಲ ಅವನಿಗೆ ಹೇಗೆ ಹೇಳಿದಳೋ. ಅವನು ನನ್ನನ್ನೂ ಸೆರಗನ್ನೂ ನೋಡಿ, ತುತ್ತು ನುಂಗಿದ.

ಫೋನು ಮತ್ತೊಮ್ಮೆ ಹೊಡೆದು ನಿಂತಿತು. ಆಮೇಲೆ ಸುಮ್ಮನಾಯಿತು. ಕೈ ತೊಳೆಯುವಾಗಲೂ ಅವನ ಕಣ್ಣು ನನ್ನ ಸೆರಗಿನ ಮೇಲೇ ಇತ್ತು. ಇನ್ನು ಹೊಡೆಯದಿದ್ದರೆ ಎಂದು ನನಗೂ ಅನ್ನಿಸಿತು, ಆದರೆ ತೋರಿಸಿಕೊಳ್ಳದೆ ಬಾಳೆಹಣ್ಣು ಸುಲಿಯುತ್ತ ನಿಂತೆ. ಹೋಟೆಲಿನಾಚೆ ಹೊಂಗೆ ಮರದ ಕೆಳಗೆ ಮೂರನೇ ಸಲ ಹೊಡೆದುಕೊಂಡಾಗ ನಾನೇ ಫೋನನ್ನು ಅವನ ಕೈಗಿಟ್ಟೆ.

ಅವನು ತನ್ನ ಭಾಷೆಯಲ್ಲಿ ಮಾತಾಡಿದ. ಆಮೇಲೆ ಫೋನಿಗೆ ಅಂಗೈ ಅಡ್ಡ ಹಿಡಿದು ಪಲ್ಲವಿಗೆ ಏನೋ ಹೇಳಿದ.

"ಒಂದು ವರ್ಸವಂತೆ ಅಜ್ಜಿ. ಅದೇ ನೀರು ಹೊರೋ ಕೆಲ್ಸ. ಹ್ಞೂ ಅಂದ್ಬುಡ್ಲಾ ಅಂತಾವ್ನೆ."

"ನೀರು ಹೊರ್ತೀನಿ ಅನ್ಲಿ. ಆದ್ರೆ ಅವ್ನ ಊರಿನ ಬೆಟ್ಟದಲ್ಲಿ ರೇಸು ನಡೆಯೋ ದಿನ ಕಿವೀಲಿ ಯಾರೂ ಮಾತಾಡ್ಬಾರ್ದು, ಅವತ್ತು ನನಗೋಸ್ಕರ ಓಡಿಸ್ತೀನಿ ಅನ್ಲಿ."

ಪಲ್ಲವಿ ಹೇಳಲು ಹಿಂಜರಿದಳು. ಹೇಳಿದ ಮೇಲೆ ಅವನೂ ಹಿಂಜರಿದ. ಹೆಗಲು ಎತ್ತಿ ಇಳಿಸಿ, ಫೋನಿನಲ್ಲಿ ಹೇಳಿಯೇಬಿಟ್ಟ. ಆ ಕಡೆಯವರು ಯೋಚಿಸಿ ಬರೆದು ಕಳಿಸುತ್ತೇವೆ ಎಂದು ಇಟ್ಟರಂತೆ.

"ಕೆಟ್ಟೋಯ್ತು ಕಣಜ್ಜಿ. ಇದ್ದುದ್ನೂ ಕಳದೆ ನೀನು."

ಹಲಗೂರು ದಾಟುವವರೆಗೆ ಅವಳು ನನ್ನೊಡನೆ ಮಾತಾಡಲಿಲ್ಲ. ಕಾಡು ಶುರುವಾದ ಮೇಲೆ ಫೋನಿನ ಸಿಗ್ನಲ್ಲೂ ಮಾತು ಬಿಟ್ಟಿತು. ಮುತ್ತತ್ತಿಯಲ್ಲಿ ಪಿಕ್‌ನಿಕ್ಕಿನವರ ಅಡುಗೆ ಹೊಗೆ, ದೇವಸ್ಥಾನದ ಗಂಟೆ, ಕೋತಿಗಳ ಕಿತಾಪತಿ. ಎಮಿಲಿಯೊ ಕಾವೇರಿಯಲ್ಲಿ ಮೊಣಕಾಲುದ್ದ ನಿಂತು, ಹೊಳೆ ತಮ್ಮೂರಿನದರಂತೆಯೇ ಕಂದುಬಣ್ಣದ್ದು ಎಂದ. ನಾನು ಆಂಜನೇಯನ ಮುಂದೆ ಬೇರೇನೂ ಕೇಳಲಿಲ್ಲ. ಸಮುದ್ರ ಹಾರಿ ದೊರೆಯ ಕೆಲಸ ಮಾಡಿಕೊಟ್ಟವನು ನೀನು, ಈ ಜಾತಿಯವರ ಕಷ್ಟ ನಿನಗೆ ಗೊತ್ತು ಎಂದಷ್ಟೇ ಹೇಳಿದೆ.

ಮೂರು ಗಂಟೆಗೆ ಹೊರಟೆವು. ಹೊಳೆಯಿಂದ ಮೇಲಕ್ಕೆ ಏರು ದಾರಿ. ಅವನು ಮುಂದೆ, ರಸ್ತೆಯ ಅಂಚು ಹಿಡಿದು ನಿಧಾನವಾಗಿ ಏರುತ್ತಿದ್ದ. ಅರ್ಧ ಏರು ಮುಗಿಯುವಾಗ ಸಿಗ್ನಲ್ಲು ಮರಳಿ, ಮಡಿಲಲ್ಲಿ ಫೋನು ಗುರುಗುಟ್ಟಿತು. ಪಲ್ಲವಿ ಗಾಡಿ ನಿಲ್ಲಿಸಿ, ಬಂದಿದ್ದ ಮೆಸೇಜನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಓದಿದಳು. ಎರಡು ಸಲ ಓದಿದಳು.

"ಸರಿ ಅಂದವ್ರೆ ಅಜ್ಜಿ. ಆ ಒಂದಿನ ಅವ್ನದೇ ಅಂತೆ."

ಕಾರನ್ನು ಅವನ ಪಕ್ಕಕ್ಕೆ ಒಯ್ದು ಕಿಟಕಿಯಿಂದ ಹೇಳಿದಳು. ಅವನು ನಿಲ್ಲಲಿಲ್ಲ, ನಗಲೂ ಇಲ್ಲ. ತಲೆ ತಗ್ಗಿಸಿ, ಅಂಚು ಬಿಟ್ಟು ರಸ್ತೆಯ ನಟ್ಟನಡುವೆ ಬಂದು, ಸೀಟಿನಿಂದೆದ್ದು ತುಳಿಯತೊಡಗಿದ. ನಾವು ಹಿಂದೆ ಉಳಿದೆವು. ನಮ್ಮ ಹಿಂದೆ ಒಂದು ಬಸ್ಸು ಬಂದು ಹಾರ್ನ್ ಬಾರಿಸಿತು. ಪಲ್ಲವಿ ಕಾರನ್ನು ಪಕ್ಕಕ್ಕೆ ಸರಿಸಿದಳು, ಅವನು ಸರಿಯಲಿಲ್ಲ. ಬಸ್ಸು ನಮ್ಮ ಸಮಕ್ಕೆ ಬಂದಾಗ ಡ್ರೈವರು ಕತ್ತು ಹೊರಗೆ ಹಾಕಿದ.

"ಯಾರಜ್ಜಿ ಅವ್ನು, ಜಾಗನೇ ಬುಡ್ತಿಲ್ವಲ್ಲ?"

"ಅಭ್ಯಾಸ ಮಾಡ್ಕತಾವ್ನೆ, ಇರಪ್ಪ" ಎಂದೆ.