ಅಕ್ಕನ ಸೀರೆಗೆ ಅಂಟಿದ ಉತ್ತರಾಣಿ

ಮೊನ್ನೆ ದೊಡ್ಡಮಳೂರಿನಲ್ಲಿ ನೆಂಟರ ತೋಟದ ಬದುವಿನ ಮೇಲೆ ನಡೆದು ಬಂದೆ. ಮನೆಗೆ ಬಂದು ನೋಡಿದರೆ ಸೀರೆಯ ಅಂಚಿನ ತುಂಬ ಉತ್ತರಾಣಿ ಬೀಜ. ಕೊಡವಿದೆ, ಬೀಳಲಿಲ್ಲ. ಬಕೆಟ್ಟಿನ ನೀರಿನಲ್ಲಿ ಅದ್ದಿ ಜಾಲಾಡಿದೆ, ಊಹೂಂ. ಒಂದೊಂದನ್ನೇ ಉಗುರಿನಲ್ಲಿ ಕೀಳುತ್ತ ಕೂತವಳಿಗೆ ಇದ್ದಕ್ಕಿದ್ದ ಹಾಗೆ ಸಿಟ್ಟು ಬಂತು. ಬೀಜದ ಮೇಲಲ್ಲ. ಹಾರೋಹಳ್ಳಿಯ ವಠಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕನ ಮೇಲೆ...

ಆಗ ರಾಗಿ ಹೊಲಗಳಿದ್ದ ಕಡೆಯೆಲ್ಲ ಫ್ಯಾಕ್ಟರಿಯ ಕಾಂಪೌಂಡು ಏಳುತ್ತಿದ್ದ ಕಾಲ. ಅಕ್ಕ ಸೋಲೂರು ಕಡೆಯವಳು, ಗಂಡನ ಜೊತೆ ಕೆಲಸ ಹುಡುಕಿಕೊಂಡು ಬಂದು ಒಂದು ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ನಾನು ಕನಕಪುರದ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವಳು. ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಡುತ್ತಿದ್ದೆವು. ಸಂಜೆ ಬಂದ ಅಕ್ಕ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಬಾಗಿಲ ಬಳಿಯ ದಾಸವಾಳದ ಕುಂಡಕ್ಕೆ ಸುರಿಯುವುದು. ಬೆಳಿಗ್ಗೆ ತುಂಬಿಸಿಕೊಂಡ ಬಾಟಲಿ ತುಂಬಿಯೇ ವಾಪಸ್ಸು ಬರುತ್ತಿತ್ತು. ಗಿಡವೇನೋ ಸೊಂಪಾಗಿತ್ತು.

"ಕುಡಿಯೋಕೆ ಅಂತ ತಾನೇ ತಗೊಂಡು ಹೋಗೋದು?" ಎಂದು ನಾನು ರೇಗಿದರೆ, "ಕುಡುದ್ರೆ ಹೋಗ್ಬೇಕಾಯ್ತದಲ್ಲ ಕಣಮ್ಮಿ. ಇಡೀ ಲೈನ್‌ಗೆ ಇರೋದು ಒಂದೇ ಟೋಕನ್ನು. ಅದನ್ನ ಕೇಳಕ್ಕೆ ಹೋದ್ರೆ ಆ ಸೂಪರ್‌ವೈಸರು ನೋಡೋ ನೋಟ ನೀನು ನೋಡಿಲ್ಲ" ಅನ್ನುತ್ತಿದ್ದಳು. ಅಲ್ಲಿ ಒಂದು ಸಾಲಿನ ಮಿಷನ್‌ಗಳಲ್ಲಿ ಕೂತವರೆಲ್ಲ ಮೂತ್ರಕ್ಕೆ ಹೋಗಲೂ ಸೂಪರ್‌ವೈಸರ್ ಮೇಜಿನ ಮೇಲಿನ ಟೋಕನ್ ಎತ್ತಿಕೊಂಡೇ ಹೋಗಬೇಕಿತ್ತು. ಹಿಂದಿನವಳು ಬಂದ ಮೇಲೆ ಮುಂದಿನವಳು. ಹೆಂಗಸರೆಲ್ಲ ಬೆಳಿಗ್ಗೆಯಿಂದ ಗಂಟಲು ಒಣಗಿಸಿಕೊಂಡು ಕೂರುತ್ತಿದ್ದರು.

ಅವಳಿಗೆ ಉರಿಮೂತ್ರ ಶುರುವಾಯಿತು. "ಹೀಟು" ಅಂದಳು. ಹೊಕ್ಕುಳಿಗೆ ಹರಳೆಣ್ಣೆ, ಭಾನುವಾರ ಎಳನೀರು, ಅಷ್ಟರಲ್ಲೇ ಮುಗಿಸಿದಳು. ನಾನು ಬಲವಂತ ಮಾಡಿ ಮೂತ್ರ ತರಿಸಿ ಪರೀಕ್ಷಿಸಿದೆ. ಸೂಕ್ಷ್ಮದರ್ಶಕದಲ್ಲಿ ಕೀವಿನ ಕಣಗಳು, ಜೊತೆಗೆ ಮೂತ್ರಕೋಶದಿಂದ ಉದುರಿದ ಜೀವಕೋಶಗಳು. ಅವುಗಳ ಅಂಚಿಗೆ ಕಡ್ಡಿಯಂಥ ಬ್ಯಾಕ್ಟೀರಿಯಾ ಸಾಲಾಗಿ ಅಂಟಿಕೊಂಡಿದ್ದವು. ಡಾಕ್ಟರು ಮಾತ್ರೆ ಬರೆದು, ಒಂದೂ ಬಿಡದೆ ಮುಗಿಸಬೇಕು ಅಂದರು.

ಆ ಭಾನುವಾರ ಅವಳು ಸೊಪ್ಪು ಕಿತ್ತುಕೊಂಡು ಬಂದಾಗ ಸೀರೆಗೆಲ್ಲ ಉತ್ತರಾಣಿ ಮೆತ್ತಿತ್ತು. ಅದನ್ನೇ ತೋರಿಸಿ ಹೇಳಿದೆ. ಆ ಕ್ರಿಮಿಗೂ ಮೈಮೇಲೆ ನವಿರಾದ ಕೂದಲಿದೆ, ಅದರ ತುದಿ ನಮ್ಮ ಮೂತ್ರಕೋಶದ ಒಳಗೋಡೆಯಲ್ಲಿರುವ ಸಕ್ಕರೆಯಂಥ ಅಂಶವನ್ನು ಹಿಡಿದುಕೊಳ್ಳುತ್ತದೆ. ಆಗಾಗ ಮೂತ್ರಕ್ಕೆ ಹೋಗುತ್ತಿದ್ದರೆ ಹಿಡಿತ ಸಿಗುವ ಮೊದಲೇ ಬಹಳಷ್ಟು ಕೊಚ್ಚಿಹೋಗುತ್ತವೆ. ಅಂಟಿಕೊಂಡ ಮೇಲೆ ನೀರೊಂದಕ್ಕೇ ಜಗ್ಗುವುದಿಲ್ಲ, ಕೆಲವು ಜೀವಕೋಶದ ಒಳಗೇ ನುಸುಳಿ ಅಡಗುತ್ತವೆ. ಉರಿ ನಿಂತಿತು ಅಂತ ಮಾತ್ರೆ ನಿಲ್ಲಿಸಿದರೆ ಮತ್ತೆ ಹೆಚ್ಚಿಕೊಳ್ಳುತ್ತವೆ, ಮೇಲೆ ಹತ್ತಿದರೆ ಕಿಡ್ನಿಗೇ ಕೈ ಹಾಕುತ್ತವೆ.

ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ಅಯ್ಯೋ ಸುಮ್ಕಿರಮ್ಮಿ, ನನ್ನ ಹೊಟ್ಟೇಲಿ ಉತ್ರಾಣಿ ಬೆಳುದೈತೆ ಅಂತೀಯಾ?"

ವಾರ ಕಳೆದು ಮಾತ್ರೆ ಮುಗಿಸಿದೆಯಾ ಅಂತ ಕೇಳಿದೆ. "ಹೂಂ ಕಣಮ್ಮಿ, ಎಲ್ಲಾ ಖಾಲಿ" ಎಂದು ಬರಿದಾದ ಸ್ಟ್ರಿಪ್ ತೋರಿಸಿದಳು. ಸ್ವಲ್ಪ ದಿನಕ್ಕೆ ಮತ್ತೆ ಉರಿ, ಮತ್ತೆ ಮಾತ್ರೆ, ಮತ್ತೆ ಖಾಲಿ ಸ್ಟ್ರಿಪ್. ಪೂರ್ತಿ ಮಾತ್ರೆ ನುಂಗಿದವಳಿಗೆ ಯಾಕೆ ಬಿಡುತ್ತಿಲ್ಲ ಎಂದು ನಾನು ಲ್ಯಾಬಿನಲ್ಲಿ ತಲೆ ಕೆರೆದುಕೊಳ್ಳುತ್ತಿದ್ದೆ. ಆಮೇಲೆ ಸೊಂಟದ ಮೇಲೆ ನೋವು ಶುರುವಾಯಿತು. ಮಿಷನ್ ಮುಂದೆ ಕೂತು ಕೂತು ಬಂದದ್ದು ಅಂದಳು. ಚಳಿ ಜ್ವರ ಬಂತು. ಮಾಲು ಕಳಿಸುವ ಶಿಪ್‌ಮೆಂಟ್ ಇದೆ ಎಂದು ಆ ಜ್ವರದಲ್ಲೇ ಕೆಲಸಕ್ಕೆ ಹೋಗಿ, ಅಲ್ಲೇ ಬಿದ್ದಳು. ಬೆಂಗಳೂರಿನ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಸೋಂಕು ಕಿಡ್ನಿ ದಾಟಿ ರಕ್ತಕ್ಕೆ ಇಳಿದಿತ್ತು. ಅವಳು ಉಳಿಯಲಿಲ್ಲ. ಗಂಡ ಆಸ್ಪತ್ರೆಯಿಂದಲೇ ದೇಹವನ್ನು ಸೋಲೂರಿಗೆ ತೆಗೆದುಕೊಂಡು ಹೋದ...

ಮಾರನೆಯ ಸಂಜೆ ಅವಳ ಲೈನಿನ ಹೆಂಗಸೊಬ್ಬಳು ನಮ್ಮ ಬಾಗಿಲಿಗೆ ಬಂದಳು. "ಅಕ್ಕನ ಮನೆ ಬೀಗ ಹಾಕೈತಲ್ಲ, ಇನ್ನೂ ಆಸ್ಪತ್ರೇಲೇ ಅವ್ರಾ?" ಎಂದಳು. ನಾನು ಬಾಯಿ ತೆಗೆಯುವ ಮೊದಲೇ ಊಟದ ಬ್ಯಾಗಿನಿಂದ ಕರ್ಚೀಫಿನ ಗಂಟು ತೆಗೆದು ಬಿಚ್ಚಿದಳು. ಒಳಗೆ ಸ್ಟ್ರಿಪ್ಪಿನಿಂದ ಒಂದೊಂದಾಗಿ ಬಿಡಿಸಿ ತೆಗೆದ ಮಾತ್ರೆಗಳು.

"ನಮ್ಗೂ ಉರಿ ಅಂದಿದ್ಕೆ ಅಕ್ಕ ಎಲ್ರಿಗೂ ಹಂಚುದ್ರು. ನಂಗೊಸಿ ಕಮ್ಮಿಯಾಗೈತೆ, ನೀವು ತಗಳಿ ಅಂದ್ರು. ಮಿಕ್ಕಿರೋದನ್ನೆಲ್ಲ ಈಸ್ಕಂಡು ಬಂದಿವ್ನಿ. ಅಕ್ಕಂಗೆ ಕೊಟ್ಬುಡಿ, ಈಗ ಅವ್ರಿಗೆ ಬೇಕಾಯ್ತದೆ."

ಅವಳ ಕೈಯಿಂದ ಅದನ್ನು ಇಸಿದುಕೊಂಡೇ ವಿಷಯ ಹೇಳಬೇಕಾಯಿತು. ಅವಳು ಹೊಸಿಲ ಮೇಲೆ ಕೂತು ಅತ್ತಳು. ನನಗೆ ಅಳು ಬರಲಿಲ್ಲ, ಕೋಪ ಬಂತು. ಟೋಕನ್ನಿನ ಮೇಲೆ, ಆ ಸೂಪರ್‌ವೈಸರ್ ಮೇಲೆ, ತನಗೆಂದು ಕೊಟ್ಟ ಮಾತ್ರೆಯನ್ನು ಕಡ್ಲೆಪುರಿಯ ಹಾಗೆ ಹಂಚಿದ ಅಕ್ಕನ ಮೇಲೆ. ಆ ಕೋಪ ಇನ್ನೂ ಇಳಿದಿಲ್ಲ.

ಈಗಲೂ ಅವಳನ್ನು ಎದುರಿಗೆ ಕೂರಿಸಿಕೊಂಡು ಚೆನ್ನಾಗಿ ಬೈಯಬೇಕು ಅನ್ನಿಸುತ್ತದೆ. ಬೈಸಿಕೊಳ್ಳಲು ಅವಳಿಲ್ಲ. ಸೀರೆಯ ಅಂಚಿನಲ್ಲಿ ಇನ್ನೂ ಅರ್ಧದಷ್ಟು ಬೀಜ ಹಾಗೇ ಇದೆ... ಕೀಳುತ್ತಿದ್ದೇನೆ.